ರಕ್ತದ ಅಳತೆ, ಕೀಲಿನ ಎಣಿಕೆ: ಸಂಧಿವಾತದ ತೀವ್ರತೆಯನ್ನು ಅಳೆದ ಚರಿತ್ರೆ

ರುಮಟಾಯ್ಡ್ ಸಂಧಿವಾತ ವರ್ಷಗಟ್ಟಲೆ ಜೊತೆಗಿರುವ ಕಾಯಿಲೆ. ಔಷಧ ಶುರುವಾದ ಮೇಲೆ ಅದು ಹತೋಟಿಗೆ ಬಂದಿದೆಯೇ, ಇಲ್ಲವೇ ಒಳಗೊಳಗೇ ಕೀಲುಗಳನ್ನು ಕೆಡಿಸುತ್ತಿದೆಯೇ ಎಂಬುದನ್ನು ಪ್ರತಿ ಭೇಟಿಯಲ್ಲೂ ನಿರ್ಧರಿಸಬೇಕಾಗುತ್ತದೆ. ಇದಕ್ಕೆ ಹೆಚ್ಚಾಗಿ ಬಳಕೆಯಲ್ಲಿರುವ ಇಎಸ್‌ಆರ್ ಮತ್ತು ಸಿಆರ್‌ಪಿ ಎಂಬ ಎರಡು ರಕ್ತಪರೀಕ್ಷೆಗಳೂ ಸಂಧಿವಾತಕ್ಕೆಂದು ಹುಟ್ಟಿದವಲ್ಲ. ಅವುಗಳ ಚರಿತ್ರೆಯನ್ನು ನೋಡಿದರೆ, ಕೀಲನ್ನು ಮುಟ್ಟಿ ನೋಡುವ ಪರೀಕ್ಷೆಯ ಜಾಗವನ್ನು ರಕ್ತದ ವರದಿ ತುಂಬಲಾರದು ಎಂಬುದು ಖಚಿತವಾಗುತ್ತದೆ.

ಕೆಂಪುಕಣಗಳ ಇಳಿತ

ಕಾಯಿಲೆಯವರ ರಕ್ತದಲ್ಲಿ ಕೆಂಪುಕಣಗಳು ಬೇಗ ತಳಕ್ಕಿಳಿಯುತ್ತವೆ ಎಂಬುದನ್ನು ವ್ಯವಸ್ಥಿತವಾಗಿ ಅಧ್ಯಯನ ಮಾಡಿ 1897ರಲ್ಲಿ ಪ್ರಕಟಿಸಿದವರು ಪೋಲೆಂಡಿನ ವೈದ್ಯ ಎಡ್ಮಂಡ್ ಬಿಯರ್ನಾಟ್ಸ್ಕಿ. 1918ರಲ್ಲಿ ಸ್ವೀಡನ್ನಿನ ರಾಬಿನ್ ಫೋರೇಯುಸ್ ಇದನ್ನು ಗರ್ಭ ಪತ್ತೆಮಾಡಲು ಬಳಸಬಹುದೇ ಎಂದು ಪರಿಶೀಲಿಸಿದರು. ಅದೇ ದೇಶದ ಆಲ್ಫ್ ವೆಸ್ಟರ್‌ಗ್ರೆನ್ 1921ರಲ್ಲಿ ಕ್ಷಯರೋಗಿಗಳ ಮೇಲೆ ನಡೆಸಿದ ಅಧ್ಯಯನದಿಂದ ಇಂದಿಗೂ ಉಳಿದಿರುವ ವಿಧಾನ ರೂಪುಗೊಂಡಿತು. ನಾಲ್ಕು ಪಾಲು ರಕ್ತಕ್ಕೆ ಒಂದು ಪಾಲು ಸೋಡಿಯಂ ಸಿಟ್ರೇಟ್ ಬೆರೆಸಿ, 200 ಮಿಲಿಮೀಟರ್ ಗುರುತಿರುವ ಸಣ್ಣ ಗಾಜಿನ ನಳಿಗೆಯಲ್ಲಿ ತುಂಬಿ, ನೆಟ್ಟಗೆ ನಿಲ್ಲಿಸಬೇಕು. ಒಂದು ಗಂಟೆಯ ನಂತರ ಮೇಲೆ ತಿಳಿಯಾಗಿ ಉಳಿದ ಭಾಗವನ್ನು ಮಿಲಿಮೀಟರಿನಲ್ಲಿ ಓದಬೇಕು. ಇದೇ ಇಎಸ್‌ಆರ್. ಉರಿಯೂತವಿದ್ದಾಗ ಹೆಚ್ಚುವ ಫೈಬ್ರಿನೋಜೆನ್‌ನಿಂದ ಕಣಗಳು ಒಂದಕ್ಕೊಂದು ಅಂಟಿ ಬೇಗ ಇಳಿಯುತ್ತವೆ.

ನ್ಯುಮೋನಿಯಾ ಕೊಟ್ಟ ಸುಳಿವು

1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ವಿಲಿಯಂ ಟಿಲೆಟ್ ಮತ್ತು ಥಾಮಸ್ ಫ್ರಾನ್ಸಿಸ್ ನ್ಯುಮೋನಿಯಾ ರೋಗಿಗಳ ರಕ್ತವನ್ನು ಪರೀಕ್ಷಿಸುತ್ತಿದ್ದರು. ನ್ಯುಮೋಕಾಕಸ್ ಬ್ಯಾಕ್ಟೀರಿಯಾದ 'ಸಿ' ಪಾಲಿಸ್ಯಾಕರೈಡ್ ಜೊತೆ ಕೂಡಿ ಗರಣೆಗಟ್ಟುವ ವಸ್ತು ರೋಗಿಗಳ ಸೀರಮ್‌ನಲ್ಲಿ ಕಂಡಿತು. ರೋಗಿ ಚೇತರಿಸಿಕೊಂಡಂತೆ ಅದು ಮಾಯವಾಯಿತು. ಸಿಆರ್‌ಪಿ ಪತ್ತೆಯಾದದ್ದು ಹೀಗೆ. ಇಂಟರ್‌ಲ್ಯೂಕಿನ್-6 ಎಂಬ ಸಂಕೇತ ತಲುಪಿದಾಗ ಯಕೃತ್ತು ಇದನ್ನು ತಯಾರಿಸುತ್ತದೆ ಎಂಬುದು ತಿಳಿದದ್ದು ಬಹಳ ಕಾಲದ ನಂತರ.

ಎರಡೂ ಪರೀಕ್ಷೆಗಳು ಉರಿಯೂತ ಇದೆ ಎಂದಷ್ಟೇ ಹೇಳುತ್ತವೆ. ಅದು ಕೀಲಿನದೋ, ಶ್ವಾಸಕೋಶದ ಸೋಂಕಿನದೋ ಎಂದು ಹೇಳಲಾರವು.

ಬೆರಳಿನಿಂದ ಎಣಿಕೆ

1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಸಂಧಿವಾತಕ್ಕೆ ಕಾರ್ಟಿಸೋನ್ ಕೊಟ್ಟಾಗ ನೋವು, ಬಿಗಿತಗಳ ಜೊತೆಗೆ ಇಎಸ್‌ಆರ್ ಕೂಡ ಇಳಿಯಿತು. ಆದರೆ ಒಂದೇ ಸಂಖ್ಯೆಯನ್ನು ನಂಬಿ ಚಿಕಿತ್ಸೆಗಳನ್ನು ಹೋಲಿಸುವುದು ಕಷ್ಟವಾಗಿತ್ತು. 1990ರಲ್ಲಿ ನೆದರ್‌ಲ್ಯಾಂಡ್ಸ್‌ನ ಡೆಸಿರೆ ವಾನ್ ಡರ್ ಹೈಡೆ ಮತ್ತು ಸಂಗಡಿಗರು ಕೀಲುಗಳ ಎಣಿಕೆ, ಇಎಸ್‌ಆರ್ ಮತ್ತು ರೋಗಿಯ ಸ್ವಂತ ಅಂದಾಜನ್ನು ಒಂದೇ ಅಂಕವಾಗಿ ಹೆಣೆದರು. ಅದರ 28 ಕೀಲುಗಳ ರೂಪವಾದ ಡಾಸ್-28 ಬಂದದ್ದು 1995ರಲ್ಲಿ. ಭುಜ, ಮೊಣಕೈ, ಮಣಿಕಟ್ಟು, ಮಂಡಿ ಮತ್ತು ಕೈಬೆರಳುಗಳ 20 ಕೀಲುಗಳನ್ನು ವೈದ್ಯರು ಒಂದೊಂದಾಗಿ ಒತ್ತಿ ನೋಡಿ ನೋವನ್ನೂ ಊತವನ್ನೂ ಬೇರೆಬೇರೆಯಾಗಿ ಎಣಿಸುತ್ತಾರೆ. ಪಾದದ ಕೀಲುಗಳು ಇದರಲ್ಲಿ ಸೇರಿಲ್ಲ. ಅಂಕ 2.6ಕ್ಕಿಂತ ಕಡಿಮೆಯಿದ್ದರೆ ರೋಗ ಶಮನ, 5.1 ಮೀರಿದರೆ ತೀವ್ರ.

ಇಂಥ ಅಳತೆಯಿಂದ ಆಗುವ ಲಾಭವನ್ನು 2004ರಲ್ಲಿ ಪ್ರಕಟವಾದ ಗ್ಲಾಸ್ಗೋ ನಗರದ ಟೈಕೋರಾ ಅಧ್ಯಯನ ತೋರಿಸಿತು. 110 ರೋಗಿಗಳಲ್ಲಿ ಒಂದು ಗುಂಪನ್ನು ತಿಂಗಳಿಗೊಮ್ಮೆ ಪರೀಕ್ಷಿಸಿ, ಅಂಕ ನೋಡಿ ಔಷಧ ಹೆಚ್ಚಿಸಲಾಯಿತು. ಹದಿನೆಂಟು ತಿಂಗಳಲ್ಲಿ ಆ ಗುಂಪಿನ ಶೇ. 65 ಮಂದಿಯಲ್ಲಿ ರೋಗ ಶಮನಗೊಂಡರೆ, ವಾಡಿಕೆಯ ಚಿಕಿತ್ಸೆ ಪಡೆದವರಲ್ಲಿ ಆ ಪ್ರಮಾಣ ಶೇ. 16 ಮಾತ್ರ.

ಸಂಖ್ಯೆ ದಾರಿ ತಪ್ಪಿಸುವ ಕಡೆ

ರಕ್ತಹೀನತೆ, ವಯಸ್ಸು, ಗರ್ಭಾವಸ್ಥೆ ಇವೆಲ್ಲ ಇಎಸ್‌ಆರ್ ಏರಿಸುತ್ತವೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 57 ಮಂದಿಗೆ ರಕ್ತಹೀನತೆಯಿದೆ. ಸಂಧಿವಾತ ಹೆಚ್ಚಾಗಿ ಕಾಡುವುದೂ ಮಹಿಳೆಯರನ್ನೇ. ಒಬ್ಬ ಮಹಿಳೆಗೆ ಒಂದು ಕೀಲಿನಲ್ಲೂ ನೋವು, ಊತ ಇಲ್ಲ. ತನ್ನ ಸ್ಥಿತಿಗೆ 100ರಲ್ಲಿ 20 ಅಂಕ ಕೊಟ್ಟುಕೊಂಡಿದ್ದಾಳೆ ಎಂದಿಟ್ಟುಕೊಳ್ಳೋಣ. ಇಎಸ್‌ಆರ್ 20 ಇದ್ದರೆ ಆಕೆಯ ಡಾಸ್-28 ಸುಮಾರು 2.4. ರಕ್ತಹೀನತೆಯಿಂದ ಇಎಸ್‌ಆರ್ 40ಕ್ಕೇರಿದರೆ ಅಂಕ 2.9 ಆಗುತ್ತದೆ. ಒಂದು ಕೀಲೂ ಕೆಡದೆ ಆಕೆ ಶಮನದ ಗಡಿ ದಾಟಿಬಿಡುತ್ತಾಳೆ. ಬೇಕಿಲ್ಲದ ಔಷಧ ಹೆಚ್ಚುವ ಅಪಾಯ ಇಲ್ಲಿದೆ.

ಇದಕ್ಕೆ ತದ್ವಿರುದ್ಧವಾದದ್ದೂ ನಡೆಯುತ್ತದೆ. ಟೋಸಿಲಿಜುಮ್ಯಾಬ್ ಔಷಧ ಇಂಟರ್‌ಲ್ಯೂಕಿನ್-6ರ ಸಂಕೇತವನ್ನೇ ತಡೆಯುವುದರಿಂದ, ಕೀಲು ಇನ್ನೂ ಊದಿರುವಾಗಲೂ ಸಿಆರ್‌ಪಿ ಸಹಜಮಟ್ಟಕ್ಕೆ ಇಳಿಯಬಹುದು. ಯಾವ ಔಷಧವೂ ಇಲ್ಲದೆ, ರೋಗ ಚುರುಕಾಗಿರುವಾಗಲೇ ಎರಡೂ ವರದಿ ಸಹಜವಾಗಿರುವ ರೋಗಿಗಳೂ ಇದ್ದಾರೆ.

2005ರಲ್ಲಿ ವಿಯೆನ್ನಾದ ಡೇನಿಯಲ್ ಅಲೆಟಾಹ, ಜೋಸೆಫ್ ಸ್ಮೋಲೆನ್ ಮತ್ತು ಸಂಗಡಿಗರು ರಕ್ತಪರೀಕ್ಷೆಯೇ ಬೇಡದ ಸಿಡಿಎಐ ಸೂಚ್ಯಂಕವನ್ನು ಮಂಡಿಸಿದರು. ನೋಯುವ ಕೀಲು, ಊದಿದ ಕೀಲು, ರೋಗಿಯ ಅಂದಾಜು, ವೈದ್ಯರ ಅಂದಾಜು ಇವನ್ನು ಕೂಡಿದರೆ ಮುಗಿಯಿತು, ಮೊತ್ತ 2.8 ಅಥವಾ ಕಡಿಮೆಯಾದರೆ ಶಮನ.

ಸಮಾರೋಪ

ರಕ್ತದ ಸೂಚಕಗಳು ಬೇಕು. ಸೋಂಕಿನ ಗುಮಾನಿ ಬಂದಾಗ, ರೋಗದ ಗತಿ ತಿಳಿಯಬೇಕಾದಾಗ ಅವು ನೆರವಾಗುತ್ತವೆ. ಆದರೆ ಪ್ರಯೋಗಾಲಯ ದೂರವಿರುವ, ರಕ್ತಹೀನತೆ ವ್ಯಾಪಕವಾಗಿರುವ ನಮ್ಮ ತಾಲ್ಲೂಕುಗಳಲ್ಲಿ ಕೆಲವು ನಿಮಿಷಗಳ ಕೀಲು ಎಣಿಕೆಯೇ ಹೆಚ್ಚು ನಂಬಿಕೆಗೆ ಅರ್ಹ. ವೈದ್ಯಕೀಯ ವಿದ್ಯಾರ್ಥಿಗಳಿಗೆ ಇದನ್ನು ಕಡ್ಡಾಯವಾಗಿ ಕಲಿಸಬೇಕು. ರೋಗಿಗಳೂ ವರದಿಯ ಜೊತೆಗೆ ತಮ್ಮ ಕೀಲುಗಳನ್ನು ಪರೀಕ್ಷಿಸುವಂತೆ ಸಂಕೋಚವಿಲ್ಲದೆ ಕೇಳಬೇಕು.