ಕವಣೆಯ ಹಗ್ಗದಿಂದ ಚಂದ್ರನವರೆಗೆ

ಜೋಳದ ತೆನೆಗೆ ಹಕ್ಕಿ ಎರಗುವ ಕಾಲದಲ್ಲಿ ಕವಣೆ ಬೀಸಿದವರು ನಿಮ್ಮಲ್ಲಿ ಇದ್ದೇ ಇರುತ್ತೀರಿ. ಮರಾಠಿಯಲ್ಲಿ ಅದು ಗೋಫಣ, ತೆಲುಗಿನಲ್ಲಿ ವಡಿಸೆಲ. ಹೆಸರು ಏನೇ ಇರಲಿ, ಜೋರಾಗಿ ಬೀಸಿದಷ್ಟೂ ಹಗ್ಗ ಕೈಯನ್ನು ಹೆಚ್ಚು ಜಗ್ಗುತ್ತದೆ. ಎಷ್ಟು ಹೆಚ್ಚು?

ಫ್ರಾನ್ಸಿನ ಡೆಕಾರ್ಟ್ 1644ರಲ್ಲಿಯೇ ಕವಣೆಯ ಉದಾಹರಣೆ ಕೊಟ್ಟು, ಕೈಬಿಟ್ಟ ಕಲ್ಲು ನೇರ ಗೆರೆ ಹಿಡಿದು ಹೋಗುತ್ತದೆ ಎಂದಿದ್ದ. ಜಗ್ಗುವ ಬಲವನ್ನು ಲೆಕ್ಕಕ್ಕೆ ತಂದವನು ಹಾಲೆಂಡಿನ ಕ್ರಿಶ್ಚಿಯಾನ್ ಹೈಗೆನ್ಸ್, 1659ರಲ್ಲಿ. ವೇಗ ಎರಡರಷ್ಟಾದರೆ ಬಲ ನಾಲ್ಕರಷ್ಟು, ಮೂರರಷ್ಟಾದರೆ ಒಂಬತ್ತರಷ್ಟು. ವೇಗ ಅಷ್ಟೇ ಇದ್ದು ಹಗ್ಗದ ಉದ್ದ ಎರಡರಷ್ಟಾದರೆ ಬಲ ಅರ್ಧಕ್ಕಿಳಿಯುತ್ತದೆ.

"ಅದು ಹೇಗೆ? ಉದ್ದ ಹಗ್ಗವೇ ಅಲ್ಲವೇ ಹೆಚ್ಚು ಜಗ್ಗುವುದು?" ಎಂದು ನೀವು ಕೇಳಬಹುದು. ಅನುಭವ ಸುಳ್ಳಲ್ಲ. ನಿಮಿಷಕ್ಕೆ ಅಷ್ಟೇ ಸುತ್ತು ಹಾಕಿಸಿದರೆ ಉದ್ದ ಹಗ್ಗದ ಕಲ್ಲು ದೊಡ್ಡ ಸುತ್ತನ್ನು ಅಷ್ಟೇ ಹೊತ್ತಿನಲ್ಲಿ ಮುಗಿಸಬೇಕು. ಅಂದರೆ ಅದರ ವೇಗವೂ ಎರಡರಷ್ಟಾಯಿತು. ವೇಗದಿಂದ ನಾಲ್ಕರಷ್ಟು, ಉದ್ದದಿಂದ ಅದರ ಅರ್ಧ. ಕೊನೆಗೆ ಕೈಗೆ ತಗಲುವುದು ಎರಡರಷ್ಟು ಬಲ.

ಹೈಗೆನ್ಸ್ ಈ ನಿಯಮಗಳನ್ನು 1673ರಲ್ಲಿ ತನ್ನ ಗಡಿಯಾರದ ಗ್ರಂಥದ ಕೊನೆಗೆ ಸೇರಿಸಿದ, ಆಧಾರ ಮಾತ್ರ ಬಿಡಿಸಿ ತೋರಿಸಲಿಲ್ಲ. ಅದು ಅಚ್ಚಾದದ್ದು 1703ರಲ್ಲಿ, ಅವನು ತೀರಿಕೊಂಡು ಎಂಟು ವರ್ಷವಾದ ಮೇಲೆ. ಅತ್ತ ಇಂಗ್ಲೆಂಡಿನ ನ್ಯೂಟನ್ 1660ರ ದಶಕದಲ್ಲಿಯೇ ಅದೇ ಲೆಕ್ಕವನ್ನು ತಾನಾಗಿ ಕಂಡುಕೊಂಡು ಟಿಪ್ಪಣಿಯಲ್ಲಿಯೇ ಇಟ್ಟುಕೊಂಡಿದ್ದ.

ಆದರೆ ಇಬ್ಬರೂ ನೋಡುತ್ತಿದ್ದದ್ದು ಕಲ್ಲು ಹೊರಗೆ ಹಾರಲು ಹವಣಿಸುವುದನ್ನು. 1679ರಲ್ಲಿ ರಾಬರ್ಟ್ ಹುಕ್ ನ್ಯೂಟನ್ನನಿಗೆ ಬರೆದ ಕಾಗದ ನೋಟವನ್ನೇ ತಿರುಗಿಸಿತು: ಗ್ರಹ ನೇರವಾಗಿ ಹೋಗಬಯಸುತ್ತದೆ, ನಡುವಿನ ಕಡೆಗಿನ ಸೆಳೆತ ಅದರ ದಾರಿಯನ್ನು ಬಾಗಿಸುತ್ತದೆ. ಹುಕ್‌ಗೆ ಸಲ್ಲಬೇಕಾದ ಮನ್ನಣೆಯನ್ನು ನ್ಯೂಟನ್ ಕೈಬಿಚ್ಚಿ ಕೊಡಲಿಲ್ಲವೆಂದೇ ನನ್ನ ಅನಿಸಿಕೆ. ಹೈಗೆನ್ಸನ 'ಕೇಂದ್ರಾಪಗಾಮಿ' ಎಂಬ ಮಾತಿಗೆ ಜೋಡಿಯಾಗಿ 'ಕೇಂದ್ರಾಭಿಮುಖ ಬಲ' ಎಂಬ ಹೆಸರನ್ನಂತೂ ಅವನೇ ಕಟ್ಟಿದ. 1687ರ 'ಪ್ರಿನ್ಸಿಪಿಯಾ'ದಲ್ಲಿ ಅದು ಅಚ್ಚಾಯಿತು.

ಚಂದ್ರನಿಗೆ ಹಗ್ಗವಿಲ್ಲ. ಭೂಮಿಯ ನಡುವಿನಿಂದ ನೆಲಕ್ಕಿರುವ ದೂರದ ಸುಮಾರು 60ರಷ್ಟು ದೂರದಲ್ಲಿ, 27 ದಿನ ಚಿಲ್ಲರೆಗೆ ಒಂದು ಸುತ್ತು. ಅದೇ ಕವಣೆಯ ಲೆಕ್ಕ ಹಾಕಿದರೆ, ಚಂದ್ರ ಒಂದು ಸೆಕೆಂಡಿನಲ್ಲಿ ನೇರ ದಾರಿ ಬಿಟ್ಟು ಭೂಮಿಯತ್ತ ಬಾಗುವುದು ಸುಮಾರು 1.4 ಮಿಲಿಮೀಟರ್. ನಿಮ್ಮ ಕೈಯಿಂದ ಜಾರಿದ ಕಲ್ಲು ಮೊದಲ ಸೆಕೆಂಡಿನಲ್ಲಿ ಬೀಳುವುದು 4.9 ಮೀಟರ್. ಭಾಗಿಸಿ ನೋಡಿ: ಹತ್ತಿರಹತ್ತಿರ 3600, ಅಂದರೆ 60ನ್ನು 60ರಿಂದ ಗುಣಿಸಿದಷ್ಟು. ಕಲ್ಲನ್ನು ಬೀಳಿಸುವುದೂ ಚಂದ್ರನನ್ನು ಸುತ್ತಿಸುವುದೂ ಭೂಮಿಯ ಒಂದೇ ಸೆಳೆತ, ದೂರ ಹೋದಂತೆ ಸಡಿಲವಾದದ್ದು, ಅಷ್ಟೇ.