ಬಿಳಿಸೆರಗು: ಸಹಜ ಯಾವುದು, ರೋಗ ಯಾವುದು?

ಪ್ರಾಯದ ಸ್ತ್ರೀಯರಲ್ಲಿ ತಿಳಿಯಾದ, ದುರ್ವಾಸನೆಯಿಲ್ಲದ ಯೋನಿಸ್ರಾವ ಸಹಜ. ಅದರಿಂದ ಮೂಳೆ ಕರಗುತ್ತದೆಂಬ ಭಯ ನಿರಾಧಾರ. ಬಣ್ಣ, ವಾಸನೆ ಬದಲಾಗಿ ತುರಿಕೆ, ಉರಿ ಕಾಣಿಸಿಕೊಂಡರೆ ವೈದ್ಯರಿಗೆ ತೋರಿಸಬೇಕು.

ಒಡೆದ ಮೊಸರಿನಂತಹ ಸ್ರಾವ ಹಾಗೂ ತೀವ್ರ ತುರಿಕೆ ಸಾಮಾನ್ಯವಾಗಿ ಕ್ಯಾಂಡಿಡಾ ಶಿಲೀಂಧ್ರದ ಸೋಂಕಿನ ಲಕ್ಷಣ. ಸಕ್ಕರೆ ಕಾಯಿಲೆ, ಗರ್ಭಾವಸ್ಥೆ, ಆ್ಯಂಟಿಬಯಾಟಿಕ್ ಸೇವನೆ ಇದಕ್ಕೆ ಎಡೆಮಾಡಿಕೊಡುತ್ತವೆ. ತೆಳುವಾದ ಬೂದು ಸ್ರಾವಕ್ಕೆ ಮೀನಿನ ವಾಸನೆಯಿದ್ದರೆ ಬ್ಯಾಕ್ಟೀರಿಯಾಗಳ ಸಮತೋಲ ತಪ್ಪಿರಬಹುದು. ಹಳದಿ ಅಥವಾ ಹಸಿರು ಬಣ್ಣದ ನೊರೆಸ್ರಾವಕ್ಕೆ ಟ್ರೈಕೊಮೊನಾಸ್ ಕಾರಣವಾಗಿರಬಹುದು; ಆಗ ಪತಿಗೂ ಚಿಕಿತ್ಸೆ ಅಗತ್ಯ.

ಶಿಲೀಂಧ್ರಕ್ಕೆ ಕ್ಲೋಟ್ರಿಮಜೋಲ್ ಅಥವಾ 150 ಮಿ.ಗ್ರಾಂ. ಫ್ಲುಕೊನಜೋಲ್ ಕೊಡುವರು, ಗರ್ಭಿಣಿಯರಿಗೆ ನುಂಗುವ ಫ್ಲುಕೊನಜೋಲ್ ಸಲ್ಲದು. ಉಳಿದೆರಡಕ್ಕೆ ಮೆಟ್ರೊನಿಡಜೋಲ್. ಒಂದರ ಔಷಧಿ ಮತ್ತೊಂದಕ್ಕೆ ನಾಟದು. ಆದುದರಿಂದ ಅಂಗಡಿಯಲ್ಲಿ ಕೇಳಿ ತರುವುದಕ್ಕಿಂತ ಪರೀಕ್ಷೆ ಲೇಸು. ಸೋಂಕು ಮರುಕಳಿಸುತ್ತಿದ್ದರೆ ರಕ್ತದ ಸಕ್ಕರೆಯನ್ನೂ ಪರೀಕ್ಷಿಸಿಕೊಳ್ಳಿ. ಯೋನಿಯ ಒಳಭಾಗವನ್ನು ಸೋಪಿನಿಂದ ತೊಳೆಯಬೇಡಿ.

ಕೆಳಹೊಟ್ಟೆ ನೋವು, ಜ್ವರ ಇದ್ದರೆ ಅಥವಾ ಮುಟ್ಟು ನಿಂತ ಬಳಿಕ ರಕ್ತಮಿಶ್ರಿತ ಸ್ರಾವವಾದರೆ ತಡಮಾಡಬಾರದು. ಎರಡನೆಯದು ಗರ್ಭಕೋಶದ ಅಥವಾ ಅದರ ಕೊರಳಿನ ಕ್ಯಾನ್ಸರಿನ ಸೂಚನೆಯೂ ಆಗಿರಬಹುದು. ನಮ್ಮ ಹೈದರಾಬಾದಿನ ಸುಲ್ತಾನ್ ಬಜಾರ್, ಪೇಟ್ಲಬುರ್ಜ್ ಸರ್ಕಾರಿ ಹೆರಿಗೆ ಆಸ್ಪತ್ರೆಗಳಲ್ಲಿ ಸ್ತ್ರೀರೋಗ ತಜ್ಞರಿದ್ದಾರೆ. ತೆಲುಗಿನಲ್ಲಿ ‘ತೆಲ್ಲಬಟ್ಟ’ ಎಂದರೆ ಸಾಕು, ಅವರಿಗೆ ತಿಳಿಯುತ್ತದೆ. ಮನೆಯ ಹಿರಿಯರು ಸಂಕೋಚ ತೊರೆದು ಮಾತನಾಡಿದರೆ ಹೆಣ್ಣುಮಕ್ಕಳೂ ಮರೆಮಾಚಲಾರರು.