ಬೆಕ್ಕಿನ ಕರುಳಿನ ಹುಳುಗಳು: ಗುರುತು, ಮದ್ದು ಮತ್ತು ಮಲೆನಾಡಿನ ಅಡಕೆ

ನಮ್ಮಲ್ಲಿ ಪಶುವೈದ್ಯದ ಚರಿತ್ರೆಯನ್ನು ಬರೆಯುವವರು ದನ, ಕುದುರೆ, ಆನೆಗಳಿಂದ ಆರಂಭಿಸುವುದು ವಾಡಿಕೆ. ಅದಕ್ಕೆ ಆಧಾರವೂ ಉಂಟು. ಚಾಳುಕ್ಯ ವಂಶದ ಕೀರ್ತಿವರ್ಮನು ‘ಗೋವೈದ್ಯ’ವನ್ನು ರಚಿಸಿದನು, ಅಭಿನವಚಂದ್ರನು ‘ಅಶ್ವವೈದ್ಯ’ವನ್ನು ಬರೆದನು, ಶಿವಮೊಗ್ಗದ ಸೀಮೆಯವನೇ ಆದ ಕೆಳದಿಯ ಬಸವಪ್ಪನಾಯಕನ ‘ಶಿವತತ್ತ್ವರತ್ನಾಕರ’ವು ಆನೆ ಕುದುರೆಗಳ ಶಾಸ್ತ್ರಗಳಿಗೆ ಎಡೆಕೊಟ್ಟಿತು. ಉಳುಮೆಗೂ ಯುದ್ಧಕ್ಕೂ ಒದಗಿದ ಪ್ರಾಣಿಗಳಿಗೆ ಹೀಗೆ ಶಾಸ್ತ್ರ ದೊರೆಯಿತು. ಕಣಜವನ್ನು ಇಲಿಗಳಿಂದ ಕಾಯ್ದ ಬೆಕ್ಕಿನ ವೈದ್ಯಕ್ಕೆ ಇವುಗಳ ಸಾಲಿನಲ್ಲಿ ನಿಲ್ಲುವ ಪ್ರಸಿದ್ಧ ಗ್ರಂಥವಿಲ್ಲ. ಪಾಶ್ಚಾತ್ಯ ದೇಶಗಳಲ್ಲಿಯೂ ಬೆಕ್ಕಿನ ಚಿಕಿತ್ಸೆ ಬಹುಕಾಲ ನಾಯಿಯ ಚಿಕಿತ್ಸೆಯ ನೆರಳಿನಲ್ಲಿಯೇ ನಡೆಯಿತು. ಈ ಎರವಲಿನಿಂದ ಒದಗುವ ಅಪಾಯವನ್ನು ಶಿವಮೊಗ್ಗದ ಮುಖ್ಯ ಬೆಳೆಯಾದ ಅಡಕೆಯ ನಿದರ್ಶನದಿಂದ ತೋರಿಸುವುದು ಈ ಲೇಖನದ ಉದ್ದೇಶ.

ಬೆಕ್ಕಿನ ಕರುಳಿನಲ್ಲಿ ಮುಖ್ಯವಾಗಿ ಮೂರು ಬಗೆಯ ಹುಳುಗಳು ನೆಲಸುತ್ತವೆ: ದುಂಡಾದ ಜಂತುಹುಳು, ರಕ್ತ ಹೀರುವ ಕೊಕ್ಕೆಹುಳು, ಚಪ್ಪಟೆಯಾದ ಲಾಡಿಹುಳು. ಇವು ದೇಹದಲ್ಲಿಯೇ ತಾವಾಗಿ ಹುಟ್ಟುತ್ತವೆಂಬ ನಂಬಿಕೆ ಯೂರೋಪಿನಲ್ಲಿ 19ನೆಯ ಶತಮಾನದ ಮಧ್ಯದವರೆಗೂ ಉಳಿದಿತ್ತು. ಅದನ್ನು ಅಲುಗಿಸಿದ ಪ್ರಯೋಗಗಳಲ್ಲಿ ಬೆಕ್ಕಿಗೂ ಪಾಲುಂಟು. 1850ರ ದಶಕದಲ್ಲಿ ಜರ್ಮನಿಯ ಕ್ಯೂಖೆನ್‌ಮೈಸ್ಟರ್, ಲಾಯ್ಕಾರ್ಟ್ ಮೊದಲಾದವರು ಇಲಿಯ ಯಕೃತ್ತಿನಲ್ಲಿ ಕಾಣುವ ಬಿಳಿಯ ಗುಳ್ಳೆಗಳನ್ನು ಬೆಕ್ಕಿಗೆ ತಿನ್ನಿಸಿ, ಅವೇ ಅದರ ಕರುಳಿನಲ್ಲಿ ಲಾಡಿಹುಳುಗಳಾಗಿ ಬೆಳೆಯುವುದನ್ನು ತೋರಿಸಿದರು. ಮತ್ತೊಂದು ಲಾಡಿಹುಳು ಚಿಗಟದ ಮೂಲಕ ಬರುತ್ತದೆಂಬುದು ಅದೇ ಶತಮಾನದ ಕೊನೆಯ ಭಾಗದಲ್ಲಿ ತಿಳಿಯಿತು. ಬೆಕ್ಕು ಮೈ ನೆಕ್ಕುವಾಗ ಚಿಗಟವನ್ನು ನುಂಗುತ್ತದೆ. ಅದರೊಡನೆ ಹುಳುವಿನ ಮರಿಯೂ ಒಳಸೇರುತ್ತದೆ.

ಈ ಸಂಶೋಧನೆಗಳ ಅರ್ಥ ನಮ್ಮ ಊರುಗಳಲ್ಲಿ ಸ್ಪಷ್ಟವಾಗುತ್ತದೆ. ಶಿವಮೊಗ್ಗವು ಅಡಕೆಯ ವ್ಯಾಪಾರ ಕೇಂದ್ರ. ಮಲೆನಾಡಿನ ಬೆಳೆಗಾರರ ಮಾರಾಟ ಸಹಕಾರ ಸಂಘವಾದ ಮ್ಯಾಮ್ಕೋಸ್ 1939ರಲ್ಲಿ ಇಲ್ಲಿಯೇ ಸ್ಥಾಪಿತವಾಯಿತು. ಭದ್ರಾವತಿಯು 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆ ಮತ್ತು 1936ರಲ್ಲಿ ಸ್ಥಾಪಿತವಾದ ಕಾಗದದ ಕಾರ್ಖಾನೆಗಳ ಸುತ್ತ ಬೆಳೆದ ಊರು. ಉಗ್ರಾಣಗಳೂ ದಿನಸಿ ಅಂಗಡಿಗಳೂ ಇರುವಲ್ಲಿ ಇಲಿ ಇರುತ್ತದೆ. ಇಲಿಯಿರುವಲ್ಲಿ ಬೆಕ್ಕನ್ನು ಸಾಕುತ್ತಾರೆ. ಯಾವ ಕೆಲಸಕ್ಕಾಗಿ ಬೆಕ್ಕನ್ನು ಸಾಕುತ್ತೇವೆಯೋ ಆ ಕೆಲಸದಿಂದಲೇ ಅದಕ್ಕೆ ಹುಳು ಅಂಟುತ್ತದೆ. ಆದುದರಿಂದ ಒಮ್ಮೆ ಮದ್ದು ಕೊಟ್ಟು ಸುಮ್ಮನಿರುವುದರಿಂದ ಕಾರ್ಯ ಮುಗಿಯುವುದಿಲ್ಲ.

ಚಿಕಿತ್ಸೆಗೆ ಮೊದಲು ಗುರುತು ಹಿಡಿಯಬೇಕು. ಮರಿಯ ಹೊಟ್ಟೆ ಉಬ್ಬಿ, ಬೆನ್ನು ಬಡಕಲಾಗಿ, ಕೂದಲು ಹೊಳಪುಗೆಟ್ಟು, ವಾಂತಿಯಲ್ಲಿ ದಾರದಂತಹ ಉದ್ದನೆಯ ಹುಳು ಕಂಡರೆ ಜಂತುಹುಳುವೆಂದು ತಿಳಿಯಬಹುದು. ವಸಡು ಬಿಳಿಚಿಕೊಂಡು ಮಲ ಕಪ್ಪಾದರೆ ಕೊಕ್ಕೆಹುಳುವನ್ನು ಶಂಕಿಸಬೇಕು. ಗುದದ್ವಾರದ ಬಳಿಯೋ ಮಲಗುವ ಗೋಣಿಯ ಮೇಲೆಯೋ ಅಕ್ಕಿಕಾಳಿನಂತಹ, ಸೌತೆಬೀಜದಂತಹ ತುಣುಕುಗಳು ಕಂಡರೆ ಅವು ಲಾಡಿಹುಳುವಿನ ಖಂಡಗಳು. ಹೊರಗೆ ಏನೂ ಕಾಣದಿದ್ದಾಗ ಮಲವನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವುದು ಅವಶ್ಯಕ. 1921ರಲ್ಲಿ ವಿಲ್ಲಿಸ್ ಎಂಬಾತನು ಪ್ರಕಟಿಸಿದ ವಿಧಾನ ಬಹು ಸರಳವಾದುದು: ಉಪ್ಪನ್ನು ಕರಗುವಷ್ಟೂ ಕರಗಿಸಿದ ನೀರಿನಲ್ಲಿ ಮಲವನ್ನು ಕದಡಿದರೆ ಹುಳುವಿನ ಹಗುರವಾದ ಮೊಟ್ಟೆಗಳು ಮೇಲಕ್ಕೆ ತೇಲಿ ಗಾಜಿಗೆ ಅಂಟುತ್ತವೆ. ಆದರೆ ಲಾಡಿಹುಳುವಿನ ಮೊಟ್ಟೆಗಳು ಅದರ ಖಂಡಗಳೊಳಗೇ ಉಳಿಯುವುದರಿಂದ ಈ ಪರೀಕ್ಷೆಗೆ ಹಲವು ಸಲ ಸಿಕ್ಕುವುದಿಲ್ಲ. ಅಲ್ಲಿ ಕಣ್ಣಿನ ನೋಟವೇ ಹೆಚ್ಚು ನಂಬುಗೆಯ ಸಾಧನ.

ಇನ್ನು ಮದ್ದಿನ ಮಾತು. ಚರಕಸಂಹಿತೆಯು ಕ್ರಿಮಿಚಿಕಿತ್ಸೆಯನ್ನು ಮೂರು ವಿಧವಾಗಿ ಹೇಳಿದೆ: ಕ್ರಿಮಿಯನ್ನು ಹೊರತೆಗೆಯುವುದು, ಅದು ಬೆಳೆಯುವ ಸ್ಥಿತಿಯನ್ನು ಕೆಡಿಸುವುದು, ಅದಕ್ಕೆ ಕಾರಣವಾದುದನ್ನು ವರ್ಜಿಸುವುದು. ಮೊದಲನೆಯ ವಿಧಕ್ಕೆ 19ನೆಯ ಶತಮಾನದ ಪಶುವೈದ್ಯರು ನೆಚ್ಚಿದ ದ್ರವ್ಯಗಳಲ್ಲಿ ಅಡಕೆಯ ಪುಡಿಯೂ ಒಂದು. ನಾಯಿಯ ಲಾಡಿಹುಳುವಿಗೆ ಅದನ್ನು ಯೂರೋಪಿನಲ್ಲಿ ಧಾರಾಳವಾಗಿ ಬಳಸುತ್ತಿದ್ದರು. 1888ರಲ್ಲಿ ಯಾನ್ಸ್ ಎಂಬ ಜರ್ಮನ್ ರಸಾಯನಜ್ಞನು ಅದರ ಸತ್ತ್ವವಾದ ಅರೆಕೋಲಿನನ್ನು ಬೇರ್ಪಡಿಸಿದನು. ಅದು ಹುಳುವನ್ನು ಜಡಗೊಳಿಸಿ, ಕರುಳನ್ನು ಕೆರಳಿಸಿ ಹೊರದಬ್ಬುತ್ತದೆ. 20ನೆಯ ಶತಮಾನದಲ್ಲಿ ನ್ಯೂಜಿಲೆಂಡಿನ ಸಾಕುನಾಯಿಗಳ ಲಾಡಿಹುಳುಗಳನ್ನು ಪತ್ತೆ ಹಚ್ಚಲು ಬಳಸಿದ ಔಷಧ ಇದೇ. ನಮ್ಮ ತೋಟದ ಕಾಯಿಗೆ ಪ್ರಪಂಚದ ಪಶುವೈದ್ಯದಲ್ಲಿ ಇಂತಹ ಸ್ಥಾನವಿತ್ತೆಂಬುದು ಹೆಮ್ಮೆಯ ವಿಷಯವೇ ಸರಿ.

ಆದರೆ ಇದೇ ಮದ್ದು ಬೆಕ್ಕಿಗೆ ಅಪಾಯಕರ. ಅರೆಕೋಲಿನಿನಿಂದ ಬೆಕ್ಕಿನ ಶ್ವಾಸನಾಳಗಳಲ್ಲಿ ಸ್ರಾವ ಮಿತಿಮೀರಿ ಉಸಿರು ಕಟ್ಟುವ ಸಂಭವವುಂಟು. ಆದುದರಿಂದ ಔಷಧಶಾಸ್ತ್ರದ ಗ್ರಂಥಗಳು ಅದನ್ನು ಬೆಕ್ಕಿಗೆ ನಿಷೇಧಿಸಿದವು. ನಾಯಿ ತಾಳಿಕೊಳ್ಳುವ ಫೀನಾಲ್ ಜಾತಿಯ ದ್ರವ್ಯಗಳನ್ನೂ, ಚಿಗಟಕ್ಕಾಗಿ ನಾಯಿಯ ಮೈಗೆ ಹಚ್ಚುವ ಪರ್ಮೆಥ್ರಿನ್ ಔಷಧವನ್ನೂ ಬೆಕ್ಕಿನ ಯಕೃತ್ತು ಸರಿಯಾಗಿ ಅರಗಿಸಲಾರದು. ಬೆಕ್ಕು ಸಣ್ಣ ಗಾತ್ರದ ನಾಯಿಯಲ್ಲ. ಅದರ ದೇಹಧರ್ಮವೇ ಬೇರೆ. 1950ರ ದಶಕದಲ್ಲಿ ಜಂತುಹುಳುವಿಗೆ ಪೈಪರಜೀನ್, ಆಮೇಲೆ ಕೊಕ್ಕೆಹುಳುವಿಗೂ ಸಲ್ಲುವ ಪೈರಾಂಟೆಲ್, 1970ರ ದಶಕದಲ್ಲಿ ಲಾಡಿಹುಳುವಿಗೆ ಪ್ರಾಜಿಕ್ವಾಂಟೆಲ್ ಬಳಕೆಗೆ ಬಂದ ಮೇಲೆಯೇ ಬೆಕ್ಕಿಗೆ ನಿರಪಾಯವಾದ ಚಿಕಿತ್ಸೆ ದೊರೆಯಿತು. ಇವುಗಳಲ್ಲಿಯೂ ಒಂದರ ಕೆಲಸವನ್ನು ಇನ್ನೊಂದು ಮಾಡದು: ಪೈಪರಜೀನಿನಿಂದ ಲಾಡಿಹುಳು ಹೋಗುವುದಿಲ್ಲ. ಜಂತುಹುಳು ತಾಯಿಯ ಹಾಲಿನಿಂದಲೇ ಬರುವುದರಿಂದ ಮರಿಗಳಿಗೆ ಸುಮಾರು ಮೂರನೆಯ ವಾರದಿಂದಲೇ, ಎರಡು ವಾರಗಳಿಗೊಮ್ಮೆ, ತೂಕ ನೋಡಿ ವೈದ್ಯರು ಹೇಳಿದ ಪ್ರಮಾಣದಲ್ಲಿ ಔಷಧ ಕೊಡಿಸಬೇಕು, ತಾಯಿಗೂ ಕೊಡಿಸಬೇಕು.

ಗುರುತಿನ ತಪ್ಪು ವಿದ್ವಾಂಸರಿಗೂ ತಪ್ಪಿದ್ದಲ್ಲ. 1965ರಲ್ಲಿ ಗ್ಲಾಸ್ಗೋ ನಗರದ ಹಚಿಸನ್ ಎಂಬ ವಿಜ್ಞಾನಿಯು ಟಾಕ್ಸೋಪ್ಲಾಸ್ಮ ರೋಗಾಣುವು ಬೆಕ್ಕಿನ ಜಂತುಹುಳುವಿನ ಮೊಟ್ಟೆಯೊಳಗೆ ಸಾಗಿಬರುತ್ತದೆಂದು ಊಹಿಸಿದನು. ಹುಳುವಿಲ್ಲದ ಬೆಕ್ಕೂ ಅದನ್ನು ಹರಡಬಲ್ಲುದೆಂದು ಮುಂದೆ ತಿಳಿದಾಗ ಆ ಊಹೆ ಬಿದ್ದುಹೋಯಿತು. 1970ರ ಹೊತ್ತಿಗೆ ಹಚಿಸನ್ ಬಳಗವೂ, ಫ್ರೆಂಕೆಲ್ ಮತ್ತು ಭಾರತ ಸಂಜಾತ ಜೆ. ಪಿ. ದುಬೆ ಮೊದಲಾದವರೂ, ಆ ರೋಗಾಣುವು ಬೆಕ್ಕಿನ ಕರುಳಿನಲ್ಲಿ ಸ್ವತಂತ್ರವಾಗಿಯೇ ಬೆಳೆದು ಹೊರಬೀಳುತ್ತದೆಂದು ಸ್ಥಾಪಿಸಿದರು. ಇದಕ್ಕೂ ಮೊದಲು, 1952ರಲ್ಲಿ, ಅಮೆರಿಕದ ಬೀವರ್ ಮತ್ತು ಸಂಗಡಿಗರು ಸಾಕುಪ್ರಾಣಿಗಳ ಜಂತುಹುಳುವಿನ ಮರಿಗಳು ಮಕ್ಕಳ ಅಂಗಾಂಗಗಳಲ್ಲಿ ಅಲೆದು ರೋಗ ತರುತ್ತವೆಂದು ತೋರಿಸಿದ್ದರು. ಮಕ್ಕಳು ಆಡುವ ಮರಳಿನ ರಾಶಿಯನ್ನು ಮುಚ್ಚಿಡುವುದೂ, ಬೆಕ್ಕಿನ ಮಲವನ್ನು ದಿನದಿನವೂ ತೆಗೆದು ಹೂಳುವುದೂ, ಮಣ್ಣು ಮುಟ್ಟಿದ ಕೈ ತೊಳೆಯುವುದೂ ಈ ಕಾರಣದಿಂದ ಚಿಕಿತ್ಸೆಯ ಅಂಗಗಳೇ ಆಗುತ್ತವೆ. ಚರಕನು ಹೇಳಿದ ಮೂರನೆಯ ವಿಧವೆಂದರೆ ಇದೇ.

ಇಂದು ಶಿವಮೊಗ್ಗದಲ್ಲಿಯೇ ಪಶುವೈದ್ಯಕೀಯ ಕಾಲೇಜು ಇದೆ. ಕೀರ್ತಿವರ್ಮನ ಕಾಲದಲ್ಲಿ ಬೆಕ್ಕಿಗೆ ದೊರೆಯದ ಶಾಸ್ತ್ರ ಈಗ ಮನೆಯ ಸಮೀಪಕ್ಕೆ ಬಂದಿದೆ. ಅಟ್ಟದ ಮೇಲಿನ ಅಡಕೆಗೂ ನಾಯಿಗೆಂದು ತಂದು ಮಿಕ್ಕ ಗುಳಿಗೆಗೂ ಕೈಹಾಕುವ ಮೊದಲು, ಇದು ಯಾವ ಹುಳು, ಯಾವ ಪ್ರಾಣಿ ಎಂಬ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳುವುದನ್ನು ಈ ಚರಿತ್ರೆ ನಮಗೆ ಕಲಿಸುತ್ತದೆ.